ಮೂರು ವರ್ಷದ ಊರು, ಭಾನುವಾರದ ಸುತ್ತಾಟ

ಒಂದು ಉದ್ದ, ಒಂದು ಗಿಡ್ಡ. ದೋಣಿಯ ಹಾರ್ನ್ ಹೀಗೆ ಕೂಗಿತೆಂದರೆ ಸಿಯಾಟಲ್‌ನ ಫ್ರೀಮಾಂಟ್ ಸೇತುವೆಯ ಮೇಲೆ ಕೆಂಪು ದೀಪ ಹತ್ತುತ್ತದೆ, ಗಂಟೆ ಬಾರಿಸುತ್ತದೆ, ಗೇಟು ಬೀಳುತ್ತದೆ. ನೀಲಿ, ಕಿತ್ತಳೆ ಬಣ್ಣ ಬಳಿದ ಸೇತುವೆ ನಟ್ಟನಡುವೆ ಬಿರಿದು ಎರಡೂ ಕಡೆ ಡಾಂಬರು ರಸ್ತೆಯ ಸಮೇತ ಎದ್ದು ನಿಲ್ಲುತ್ತದೆ. ನೀರಿನಿಂದ ಬರೀ 30 ಅಡಿ ಎತ್ತರದಲ್ಲಿರುವ ಸೇತುವೆ ಇದು. ಹಾಯಿದೋಣಿಯ ಕಂಬ ಒಂದು ಗೇಣು ಹೆಚ್ಚಿದ್ದರೂ ಏಳಲೇಬೇಕು. ದಿನಕ್ಕೆ ಸರಾಸರಿ 35 ಸಲ, 1917ರ ಜೂನ್‌ನಿಂದಲೂ ಇದೇ ಕಸರತ್ತು. ಕೆಲಸದ ದಿನಗಳಲ್ಲಿ ಜನ ಆಫೀಸಿಗೆ ಹೋಗಿಬರುವ ಹೊತ್ತಿನಲ್ಲಿ ಮೋಜಿನ ದೋಣಿಗಳನ್ನು ಬಿಡುವುದಿಲ್ಲ. ಭಾನುವಾರ ಆ ನಿಯಮವಿಲ್ಲ. ಕಾರಿನಲ್ಲಿ ಕೂತವರು ಗೊಣಗುತ್ತಾರೆ, ಫುಟ್‌ಪಾತಿನಲ್ಲಿ ಅಪ್ಪನ ಹೆಗಲೇರಿದ ಮಕ್ಕಳು ಕೇಕೆ ಹಾಕುತ್ತಾರೆ.

ಆ ಅಪ್ಪಂದಿರಲ್ಲಿ ಕೆಲವರ ತಲೆಗೂದಲು ನೋಡಿದರೆ ಸಾಕು, ಕೆಲಸ ಏನೆಂದು ಗೊತ್ತಾಗುತ್ತದೆ. ಕಿವಿಯ ಮೇಲೆ ನೆತ್ತಿಯವರೆಗೂ ನುಣ್ಣಗೆ ಕತ್ತರಿಸಿದ ಕೂದಲು, ಬೆನ್ನಿಗೆ ಖಾಕಿ ಹಸಿರಿನ ಚೀಲ, ಅದರೊಳಗೆ ಮಗುವಿನ ಡೈಪರು. ಇದು ಬರೀ ಸಾಫ್ಟ್‌ವೇರ್ ಊರು ಎಂದುಕೊಂಡು ಬಂದವರಿಗೆ ಆಶ್ಚರ್ಯವಾಗಬಹುದು. ಮೈಕ್ರೋಸಾಫ್ಟ್, ಅಮೆಜಾನ್ ಹುಟ್ಟುವುದಕ್ಕೆ ಎಷ್ಟೋ ಮೊದಲಿಂದ ಇದು ದಂಡಿನ ನಾಡು. ದಕ್ಷಿಣಕ್ಕೆ ಟಕೋಮಾ ದಾಟಿದರೆ ಭೂಸೇನೆ, ವಾಯುಸೇನೆಗಳ ನೆಲೆಗಳನ್ನು 2010ರಲ್ಲಿ ಒಂದುಗೂಡಿಸಿ ಮಾಡಿದ ಜಾಯಿಂಟ್ ಬೇಸ್ ಲೂಯಿಸ್-ಮೆಕ್‌ಕಾರ್ಡ್. ಉತ್ತರಕ್ಕೆ ಎವರೆಟ್‌ನಲ್ಲಿ ಯುದ್ಧನೌಕೆಗಳು, ಇನ್ನೂ ಮೇಲೆ ವಿಡ್ಬಿ ದ್ವೀಪದಲ್ಲಿ ನೌಕಾಪಡೆಯ ವಿಮಾನಗಳು. ಎದುರು ದಡದ ಬ್ರೆಮರ್ಟನ್‌ನಲ್ಲಿ 1891ರಲ್ಲಿ ಶುರುವಾದ ಹಡಗುಕಟ್ಟೆ, ಅದರ ಪಕ್ಕದ ಬ್ಯಾಂಗರ್‌ನಲ್ಲಿ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು. ಹತ್ತಾರು ಸಾವಿರ ಸೈನಿಕರು, ಅವರ ಹೆಂಡತಿ, ಗಂಡ, ಮಕ್ಕಳು. ಇವರಲ್ಲಿ ಹೆಚ್ಚಿನವರಿಗೆ ಇದು ಸ್ವಂತ ಊರಲ್ಲ. ಎರಡು ಮೂರು ವರ್ಷಕ್ಕೆ ಬಂದ ಊರು.

ವರ್ಗಾವಣೆಯ ಬಾಳು ನಮ್ಮವರಿಗೆ ಹೊಸದೇನಲ್ಲ. ಬ್ಯಾಂಕಿನವರ, ರೈಲ್ವೆಯವರ, ತಹಶೀಲ್ದಾರರ ಮಕ್ಕಳನ್ನು ಕೇಳಿ ನೋಡಿ. ಒಂದನೇ ಕ್ಲಾಸು ಸಿಂಧನೂರಿನಲ್ಲಿ, ನಾಲ್ಕನೆಯದು ಸಾಗರದಲ್ಲಿ, ಹೈಸ್ಕೂಲು ಕೋಲಾರದಲ್ಲಿ. ಅಮೆರಿಕದ ಸೈನಿಕನ ಮಕ್ಕಳಿಗೆ ಈ ಪಟ್ಟಿ ಖಂಡಗಳನ್ನು ದಾಟುತ್ತದೆ: ಟೆಕ್ಸಸ್, ಜರ್ಮನಿ, ವಾಷಿಂಗ್ಟನ್, ಕೊರಿಯಾ. ಶಾಲೆ ಬದಲಾದಾಗ ಅಂಕಪಟ್ಟಿ, ಲಸಿಕೆ ಚೀಟಿ, ಯಾವ ವಯಸ್ಸಿಗೆ ಯಾವ ತರಗತಿ ಎಂಬ ತಕರಾರುಗಳಿಗೆ ಮಕ್ಕಳು ಬಲಿಯಾಗಬಾರದೆಂದು ಅಲ್ಲಿನ ರಾಜ್ಯಗಳು ತಮ್ಮೊಳಗೆ ಒಪ್ಪಂದವನ್ನೇ ಮಾಡಿಕೊಂಡಿವೆ. 1986ರಿಂದ ಪ್ರತಿ ಏಪ್ರಿಲ್ ಸೈನಿಕರ ಮಕ್ಕಳ ತಿಂಗಳು. ಆಗ ಶಾಲೆಗಳಲ್ಲಿ ನೇರಳೆ ಬಣ್ಣದ ಅಂಗಿ ತೊಡುವ ರೂಢಿಯಿದೆ. ಭೂಸೇನೆಯ ಹಸಿರು, ನೌಕಾಪಡೆಯ ನೀಲಿ ಎಲ್ಲ ಕಲಸಿದರೆ ಬರುವ ಬಣ್ಣವೆಂದು ಲೆಕ್ಕ.

ಬೇಸ್‌ನೊಳಗಿನ ಬದುಕಿಗೆ ಬೇಕಾದ್ದೆಲ್ಲ ಬೇಸ್‌ನಲ್ಲೇ ಸಿಗುತ್ತದೆ. ಮನೆ, ಆಸ್ಪತ್ರೆ, ಪೆಟ್ರೋಲ್ ಬಂಕ್, ಚರ್ಚು, ದಿನಸಿಗೆ ಕಮಿಸರಿ, ಬಟ್ಟೆಬರೆಗೆ ಎಕ್ಸ್‌ಚೇಂಜ್. ಕೊಡಗು, ಬೆಳಗಾವಿ ಕಡೆಯವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಮಿಲಿಟರಿ ಕ್ಯಾಂಟೀನು, ಗಾತ್ರ ಮಾತ್ರ ಸೂಪರ್‌ಮಾರ್ಕೆಟ್ಟಿನದು. ಮಡಿಕೇರಿಯಲ್ಲಿ ನಿವೃತ್ತ ಹವಾಲ್ದಾರರ ಕಾರ್ಡಿಗೆ ನೆಂಟರಿಷ್ಟರಲ್ಲಿ ಎಷ್ಟು ಬೆಲೆಯೋ ಅಲ್ಲಿಯೂ ಗುರುತಿನ ಚೀಟಿಗೆ ಅಷ್ಟೇ ಬೆಲೆ. ಎಲ್ಲವೂ ಕಾಂಪೌಂಡಿನೊಳಗೇ ಸಿಗುವುದರಿಂದ ಹೊರಗೆ ಹೋಗದೆಯೇ ಮೂರು ವರ್ಷ ಕಳೆದುಬಿಡಬಹುದು, ಹಾಗೆ ಕಳೆದವರೂ ಇದ್ದಾರೆ.

ಸೈನ್ಯಕ್ಕೆ ಇದು ಗೊತ್ತು. ಆದ್ದರಿಂದಲೇ ಪ್ರತಿ ನೆಲೆಯಲ್ಲೂ ಸೈನಿಕರ ಮನರಂಜನೆ, ಕ್ಷೇಮಪಾಲನೆಗೆಂದೇ ಒಂದು ವಿಭಾಗ. ಅಲ್ಲಿ ಮೃಗಾಲಯದ, ಬೇಸ್‌ಬಾಲ್ ಆಟದ ಟಿಕೆಟ್ಟು ರಿಯಾಯಿತಿಯಲ್ಲಿ ಸಿಗುತ್ತದೆ. ಟೆಂಟು, ದೋಣಿ, ಹಿಮದ ಮೇಲೆ ಜಾರುವ ಹಲಗೆ ಬಾಡಿಗೆಗೆ ಸಿಗುತ್ತವೆ. ರಾಷ್ಟ್ರೀಯ ಉದ್ಯಾನಗಳಿಗೆ ಸೇವೆಯಲ್ಲಿರುವವರಿಗೆ ಉಚಿತ ಪಾಸು, ಹೀಗಾಗಿ ರೇನಿಯರ್ ಪರ್ವತಕ್ಕೆ ಹೋಗಲು ಪ್ರವೇಶ ಶುಲ್ಕದ ಚಿಂತೆಯಿಲ್ಲ. 2010ರಲ್ಲಿ ಶುರುವಾದ ಬ್ಲೂ ಸ್ಟಾರ್ ಮ್ಯೂಸಿಯಂ ಯೋಜನೆಯಲ್ಲಿ ಬೇಸಿಗೆಯುದ್ದಕ್ಕೂ ನೂರಾರು ವಸ್ತುಸಂಗ್ರಹಾಲಯಗಳಿಗೆ ಪುಕ್ಕಟೆ ಪ್ರವೇಶ. ಇದನ್ನೆಲ್ಲ ಬರೀ ಔದಾರ್ಯ ಎನ್ನಲಾಗದು. ಹೆಂಡತಿ ಮಕ್ಕಳು ಊರಿಗೆ ಹೊಂದಿಕೊಳ್ಳದಿದ್ದರೆ ಸೈನಿಕ ಕೆಲಸದಲ್ಲಿ ನಿಲ್ಲುವುದಿಲ್ಲ ಎಂಬುದು ಸೈನ್ಯಕ್ಕೆ ಬಹಳ ಹಿಂದೆಯೇ ತಿಳಿದ ಲೆಕ್ಕಾಚಾರ.

ಹೊರದೇಶದಲ್ಲಿ ಕಳೆದು ಬಂದವರಿಗೆ ಸುತ್ತಾಟದ ಅಭ್ಯಾಸ ಇನ್ನೂ ಗಟ್ಟಿ. ವಿಮಾನವಾಹಕ ನೌಕೆ ರೊನಾಲ್ಡ್ ರೇಗನ್ 2015ರಿಂದ ಜಪಾನಿನ ಯೊಕೊಸುಕಾದಲ್ಲಿ ನೆಲೆನಿಂತಿತ್ತು. 2024ರ ಆಗಸ್ಟಿನಲ್ಲಿ ಬ್ರೆಮರ್ಟನ್‌ಗೆ ಮರಳಿತು. ಆ ಒಂಬತ್ತು ವರ್ಷಗಳಲ್ಲಿ ಯೊಕೊಸುಕಾದಲ್ಲಿ ಇದ್ದು ಹೋದ ಕುಟುಂಬಗಳ ಮಕ್ಕಳಿಗೆ ಭಾನುವಾರವೆಂದರೆ ರೈಲು ಹತ್ತಿ ಕಾಮಾಕುರಕ್ಕೆ ಹೋಗಿ ಬಯಲಿನಲ್ಲಿ ಕೂತ ಕಂಚಿನ ಬುದ್ಧನನ್ನು ನೋಡುವುದು. ಅಪ್ಪನೋ ಅಮ್ಮನೋ ತಿಂಗಳುಗಟ್ಟಲೆ ಸಮುದ್ರದಲ್ಲಿ. ಆ ದಿನಗಳನ್ನು ಮನೆಯಲ್ಲಿ ಕೂತು ಎಣಿಸಿದರೆ ತಲೆ ಕೆಡುತ್ತದೆ, ಆದ್ದರಿಂದ ಮನೆಯಲ್ಲಿ ಉಳಿದವರು ಹೊರಡುತ್ತಾರೆ. ಹಡಗು ಮರಳುವ ದಿನದ ಸಂಭ್ರಮ ಬೇರೆಯೇ. ದಕ್ಕೆಯ ಮೇಲೆ ಬ್ಯಾಂಡು, ಮಕ್ಕಳ ಕೈಯಲ್ಲಿ ತಾವೇ ಬರೆದ ಬೋರ್ಡು. ಮೊದಲು ಇಳಿದು ಹೆಂಡತಿಗೋ ಗಂಡನಿಗೋ ಮುತ್ತು ಕೊಡುವ ಅವಕಾಶ ಯಾರಿಗೆ ಎಂದು ಲಾಟರಿ ಎತ್ತುವುದು ಅಮೆರಿಕದ ನೌಕಾಪಡೆಯ ಸಂಪ್ರದಾಯ. ಬ್ರೆಮರ್ಟನ್‌ನಿಂದ ಸಿಯಾಟಲ್‌ಗೆ ದೋಣಿಯಲ್ಲಿ ಒಂದು ಗಂಟೆ. ಮಕ್ಕಳಿಗೆ ಟಿಕೆಟ್ಟಿಲ್ಲ. ನಡೆದು ಹತ್ತುವ ದೊಡ್ಡವರಿಗೂ ಸಿಯಾಟಲ್‌ನಿಂದ ಹೊರಡುವಾಗ ಮಾತ್ರ ದುಡ್ಡು, ಸಿಯಾಟಲ್ ಕಡೆಗೆ ಬರುವಾಗ ಇಲ್ಲ. ಸಂಬಳದ ಕೊನೆಯ ವಾರದಲ್ಲಿ ಇಂಥ ವಿವರಗಳೇ ಮುಖ್ಯವಾಗುತ್ತವೆ.

ಹೀಗೆ ಬಂದವರು ಫ್ರೀಮಾಂಟ್‌ಗೆ ಯಾಕೆ ಬರುತ್ತಾರೆ? ಒಂದು, ಇಲ್ಲಿ ನೋಡುವುದಕ್ಕೆ ಕಾಸು ಕೊಡಬೇಕಾಗಿಲ್ಲ. ಎರಡು, ಈ ಬಡಾವಣೆ ತನ್ನನ್ನು ತಾನು ‘ಬ್ರಹ್ಮಾಂಡದ ಕೇಂದ್ರ’ ಎಂದು ಘೋಷಿಸಿಕೊಂಡು ಅದಕ್ಕೊಂದು ಕೈಕಂಬವನ್ನೂ ನೆಟ್ಟಿದೆ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರಿಗೆ ನಿಲ್ಲಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಭಾನುವಾರ ಬೀದಿ ಸಂತೆ. ಹಳೆ ಬಟ್ಟೆ, ಗ್ರಾಮಫೋನ್ ತಟ್ಟೆ, ಹಬೆಯಾಡುವ ತಿಂಡಿ ಗಾಡಿಗಳು.

ಮಕ್ಕಳು ಮೊದಲು ಓಡುವುದು ರಾಕ್ಷಸನ ಕಡೆಗೆ. ಅರೋರಾ ಸೇತುವೆಯ ಉತ್ತರ ತುದಿಯ ಕೆಳಗೆ, ಹಿಂದೆ ಕಸ ಸುರಿಯುತ್ತಿದ್ದ ಕತ್ತಲೆ ಮೂಲೆಯಲ್ಲಿ 1990ರಲ್ಲಿ ನಾಲ್ವರು ಕಲಾವಿದರು ಕಟ್ಟಿದ 18 ಅಡಿ ಎತ್ತರದ ಕಾಂಕ್ರೀಟ್ ಟ್ರೋಲ್. ಮಣ್ಣಿನಿಂದ ಎದೆಯವರೆಗೆ ಎದ್ದು ಬಂದಿದ್ದಾನೆ. ಒಂದು ಕಣ್ಣು ಕಾರಿನ ಚಕ್ರದ ಮುಚ್ಚಳದ್ದು, ಹೊಳೆಯುತ್ತದೆ. ಇನ್ನೊಂದು ಕೂದಲಿನ ಹಿಂದೆ. ಎಡಗೈ ಮುಷ್ಟಿಯಲ್ಲಿ ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದು ಸಿಕ್ಕಿಬಿದ್ದಿದೆ, ಸೇತುವೆಯ ಮೇಲಿಂದ ಈಗಷ್ಟೇ ಎತ್ತಿಕೊಂಡ ಹಾಗೆ. ಸಾವಿರಾರು ಮಕ್ಕಳು ಹತ್ತಿ ಜಾರಿ ಅವನ ಬೆರಳಿನ ಗೆಣ್ಣುಗಳು ನುಣುಪಾಗಿವೆ. ಮುಟ್ಟಬೇಡ, ಹತ್ತಬೇಡ ಎಂಬ ಬೋರ್ಡಿಲ್ಲ. ಅವನ ಮೂಗಿನ ಹೊಳ್ಳೆಯೊಳಗೆ ಕೈ ತೂರಿಸಿ ಫೋಟೊ ತೆಗೆಸಿಕೊಳ್ಳದೆ ಯಾವ ಮಗುವೂ ಹೊರಡುವುದಿಲ್ಲ.

ಎರಡನೆಯವನು ಲೆನಿನ್. ಹೌದು, ಅದೇ ಲೆನಿನ್, 16 ಅಡಿ ಎತ್ತರದ ಕಂಚಿನ ಪ್ರತಿಮೆ. ಎಮಿಲ್ ವೆಂಕೋವ್ ಎಂಬ ಶಿಲ್ಪಿ ವರ್ಷಗಟ್ಟಲೆ ದುಡಿದು ಮಾಡಿದ್ದು 1988ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ಪೊಪ್ರಾಡ್ ಊರಿನಲ್ಲಿ ನಿಂತಿತು. ಮಾರನೇ ವರ್ಷವೇ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿತ್ತು. ಪೊಪ್ರಾಡ್‌ನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಲೂಯಿಸ್ ಕಾರ್ಪೆಂಟರ್ ಎಂಬ ಸಿಯಾಟಲ್ ಕಡೆಯ ಮನುಷ್ಯ ಅದನ್ನು ಗುಜರಿಯಲ್ಲಿ ಕಂಡು, 13 ಸಾವಿರ ಡಾಲರಿಗೆ ಕೊಂಡು, ಮನೆ ಅಡವಿಟ್ಟು ಹಡಗಿನಲ್ಲಿ ತಂದ. 1994ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಪ್ರತಿಮೆ 1995ರಲ್ಲಿ ಫ್ರೀಮಾಂಟ್ ಸೇರಿತು. ಲೆನಿನ್ ಪ್ರತಿಮೆಗಳಲ್ಲಿ ಸಾಮಾನ್ಯವಾಗಿ ಕಾಣುವ ಪುಸ್ತಕ, ಟೊಪ್ಪಿಗೆಗಳ ಬದಲು ಇಲ್ಲಿ ಹಿಂದೆ ಬಂದೂಕು, ಬೆಂಕಿಯ ನಾಲಗೆಗಳು. ಡಿಸೆಂಬರ್ ಬಂದರೆ ಅವನಿಗೆ ಕ್ರಿಸ್‌ಮಸ್ ದೀಪದ ಸರ. ಕೈಗೆ ಕೆಂಪು ಬಣ್ಣ ಬಳಿದು ಸಿಟ್ಟು ತೀರಿಸಿಕೊಳ್ಳುವವರೂ ಇದ್ದಾರೆ, ಅದೂ ಅನ್ಯಾಯವಲ್ಲ. ಶೀತಲ ಸಮರದ ಕಾಲದಲ್ಲಿ ಜರ್ಮನಿಯ ಗಡಿಯಲ್ಲಿ ಕಾವಲು ಕಾದ ತಾತಂದಿರು ಇಂದು ಮೊಮ್ಮಕ್ಕಳ ಜೊತೆ ಈ ಪ್ರತಿಮೆಯ ಕಾಲಬುಡದಲ್ಲಿ ಐಸ್‌ಕ್ರೀಂ ತಿನ್ನುವುದನ್ನು ನೋಡಿದರೆ ಚರಿತ್ರೆಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನಲಾಗದು.

ಮೂರನೆಯದೇ ಕನ್ನಡಿಗರು ನಿಂತು ನೋಡಬೇಕಾದದ್ದು. ಅಂಗಡಿಯೊಂದರ ಗೋಡೆಗೆ ಒರಗಿ ನಿಂತ 53 ಅಡಿ ಉದ್ದದ ರಾಕೆಟ್ಟು. ‘ವಿಚಿತ್ರವಾಗಿರುವ ಸ್ವಾತಂತ್ರ್ಯ’ ಎಂಬರ್ಥದ, ಲ್ಯಾಟಿನ್ನಿನಂತೆ ಕೇಳಿಸುವ ಧ್ಯೇಯವಾಕ್ಯ ಅದರ ಮೈಮೇಲಿದೆ. ಮಿಲಿಟರಿ ಹಳೆಸಾಮಾನಿನ ಅಂಗಡಿಯಲ್ಲಿದ್ದ ಅದನ್ನು ಇಲ್ಲಿನವರು 1994ರಲ್ಲಿ ತಂದು ನಿಲ್ಲಿಸಿದರು. ಶೀತಲ ಸಮರದ ಕ್ಷಿಪಣಿ ಎಂದೇ ಬಹಳ ಜನ ನಂಬಿದ್ದಾರೆ. ಅಸಲಿಗೆ ಅದು ಕ್ಷಿಪಣಿಯೇ ಅಲ್ಲ, ಸಿ-119 ಎಂಬ ಸಾಮಾನು ಸಾಗಿಸುವ ಸೇನಾ ವಿಮಾನದ ಬಾಲದ ತೊಲೆ. ಅದಕ್ಕೆ ಮೂತಿ, ರೆಕ್ಕೆ ಅಂಟಿಸಿ ರಾಕೆಟ್ ವೇಷ ಹಾಕಿದ್ದಾರೆ.

ಸಿ-119 ಎಂದರೆ ನಮ್ಮ ವಾಯುಸೇನೆಯವರ ಬಾಯಲ್ಲಿ ‘ಪ್ಯಾಕೆಟ್’. 1950ರ ದಶಕದಿಂದ ಮೂರು ದಶಕ ಲಡಾಖಿನ ಚೌಕಿಗಳಿಗೆ ಅಕ್ಕಿ, ಸೀಮೆಎಣ್ಣೆ, ಗುಂಡು ಹೊತ್ತು ಹಾರಿದ್ದು ಇದೇ. ಅಷ್ಟೆತ್ತರದ ತೆಳುಗಾಳಿಯಲ್ಲಿ ಎರಡು ಎಂಜಿನ್ನಿನ ಬಲ ಸಾಲದೆಂದು ಬೆನ್ನ ಮೇಲೆ ಇನ್ನೊಂದು ಜೆಟ್ ಎಂಜಿನ್ ಕೂರಿಸಿದರು. ಹಾಗೆ ಕೂರಿಸಿದ ಆರ್ಫಿಯಸ್ ಎಂಜಿನ್ ತಯಾರಾಗುತ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. 1962ರ ಜುಲೈಯಲ್ಲಿ ದೌಲತ್ ಬೇಗ್ ಓಲ್ಡಿಯಲ್ಲಿ, ಹದಿನಾರು ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ ಇಳಿದು ದಾಖಲೆ ಬರೆದದ್ದೂ ಪ್ಯಾಕೆಟ್ಟೇ. ಫ್ರೀಮಾಂಟಿನ ಬೀದಿಯಲ್ಲಿ ಆ ಬಾಲದ ಕೆಳಗೆ ನಿಂತ ಬೆಂಗಳೂರಿನ ಎಂಜಿನಿಯರನ ಮಗ ‘ಇದು ಚಂದ್ರನಿಗೆ ಹೋಗಿತ್ತಾ?’ ಎಂದು ಕೇಳಿದರೆ, ‘ಇಲ್ಲ ಕಣೋ, ಇದರ ಅಣ್ಣತಮ್ಮಂದಿರು ಲಡಾಖಿಗೆ ಹೋಗಿದ್ದರು’ ಎನ್ನಬಹುದು.

ಇಲ್ಲಿನ ಕನ್ನಡಿಗರ ಮನೆಗಳು ಹೆಚ್ಚಾಗಿ ಲೇಕ್ ವಾಷಿಂಗ್ಟನ್ ಸರೋವರದ ಆಚೆ ಬದಿಯಲ್ಲಿ: ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್, ಬಾತೆಲ್. ದೇವಸ್ಥಾನ ಬಾತೆಲ್‌ನಲ್ಲಿ, ಹಬ್ಬಹುಣ್ಣಿಮೆ ಸಹ್ಯಾದ್ರಿ ಕನ್ನಡ ಸಂಘದಲ್ಲಿ. ಊರಿಂದ ಅಪ್ಪ ಅಮ್ಮ ಬಂದಾಗ ಮಾತ್ರ ಫ್ರೀಮಾಂಟ್ ಯಾತ್ರೆ ಖಾಯಂ. ಸರೋವರ ದಾಟಿ, ಪಾರ್ಕಿಂಗ್‌ಗಾಗಿ ಮೂರು ಸುತ್ತು ಹಾಕಿ, ಆಮೇಲೆ ಗ್ಯಾಸ್ ವರ್ಕ್ಸ್ ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ ಡಬ್ಬಿ ತೆರೆದರೆ ಪುಳಿಯೋಗರೆ, ಮೊಸರನ್ನ, ಸಂಡಿಗೆ. 1906ರಿಂದ 1956ರವರೆಗೆ ಕಲ್ಲಿದ್ದಲು, ಎಣ್ಣೆಯಿಂದ ಗ್ಯಾಸ್ ತೆಗೆಯುತ್ತಿದ್ದ ಕಾರ್ಖಾನೆಯನ್ನು ಕೆಡವದೆ 1975ರಲ್ಲಿ ಉದ್ಯಾನ ಮಾಡಿದ್ದು ರಿಚರ್ಡ್ ಹಾಗ್ ಎಂಬ ವಿನ್ಯಾಸಕಾರನ ಹಟ. ತುಕ್ಕು ಹಿಡಿದ ಗೋಪುರಗಳು ಹಾಗೇ ನಿಂತಿವೆ, ಬಾಯ್ಲರ್ ಮನೆಯಲ್ಲಿ ಊಟದ ಮೇಜುಗಳು. ಪಕ್ಕದ ಚಾಪೆಯಲ್ಲಿ ಟಕೋಮಾದಿಂದ ಬಂದ ಸಾರ್ಜೆಂಟನ ಸಂಸಾರ ಸುಟ್ಟ ಕೋಳಿ ಬಿಚ್ಚುತ್ತಿರಬಹುದು. ಈ ಎರಡು ಸಂಸಾರಗಳ ನಡುವೆ ಒಂದು ಹೋಲಿಕೆಯಿದೆ: ಇಬ್ಬರೂ ಈ ಊರನ್ನು ಕಲಿತದ್ದು ಭಾನುವಾರಗಳಲ್ಲಿ. ವೀಸಾದವನಿಗೆ ಊರು ಬಿಡಿಸುವುದು ಕಂಪನಿಯ ಈಮೇಲು, ಸಾರ್ಜೆಂಟನಿಗೆ ಸೇನೆಯ ಆದೇಶ. ಆದರೆ ಸಾರ್ಜೆಂಟನ ಹೆಂಡತಿ ‘ಮುಂದಿನ ಬೇಸಿಗೆಯಲ್ಲಿ’ ಎಂದು ಮಾತು ಶುರು ಮಾಡುವಾಗ ಇನ್ನೊಂದು ಭಯವೂ ಇರುತ್ತದೆ. ಅದು ಸಾಫ್ಟ್‌ವೇರಿನವರ ಮನೆಯಲ್ಲಿಲ್ಲ.

ಎರಡೂ ಲೋಕಗಳು ಕೂಡುವ ಜಾಗಗಳಿಲ್ಲದಿಲ್ಲ. ಭಾರತೀಯ ನೌಕಾಪಡೆ ಕೊಂಡ ಪಿ-8ಐ ಕಣ್ಗಾವಲು ವಿಮಾನಗಳು ಜೋಡಣೆಯಾದದ್ದು ಸಿಯಾಟಲ್ ಪಕ್ಕದ ರೆಂಟನ್‌ನ ಬೋಯಿಂಗ್ ಕಾರ್ಖಾನೆಯಲ್ಲಿ. ಮೊದಲನೆಯದು 2013ರ ಮೇನಲ್ಲಿ ಅರಕ್ಕೋಣಂಗೆ ಬಂದಿಳಿಯಿತು. 2019ರ ಸೆಪ್ಟೆಂಬರಿನಲ್ಲಿ ‘ಯುದ್ಧ ಅಭ್ಯಾಸ್’ ಜಂಟಿ ತರಬೇತಿಗೆ ಭಾರತದ ಸೈನಿಕರು ಲೂಯಿಸ್-ಮೆಕ್‌ಕಾರ್ಡ್‌ಗೇ ಬಂದಿದ್ದರು. ಅಸ್ಸಾಂ ರೆಜಿಮೆಂಟಿನ ‘ಬದ್ಲೂರಾಮ್ ಕಾ ಬದನ್’ ಹಾಡಿಗೆ ಅಮೆರಿಕದ ಸೈನಿಕರೂ ಕುಣಿದ ವಿಡಿಯೊ ಆಗ ಊರೆಲ್ಲ ಹರಿದಾಡಿತು. ಬಂದವರು ಎರಡು ವಾರವಿದ್ದು ಹೋದರು. ಹೆಂಡತಿ ಮಕ್ಕಳು ಜೊತೆಗಿರಲಿಲ್ಲ.

ನಮ್ಮ ಸೈನ್ಯದ ರೀತಿಯೇ ಹಾಗೆ. ಹೊರದೇಶದಲ್ಲಿ ನೆಲೆ ಹೂಡಿ ಸಂಸಾರ ಕರೆಸಿಕೊಳ್ಳುವ ಪದ್ಧತಿ ಭಾರತದ ಸಾಮಾನ್ಯ ಸೈನಿಕನಿಗೆ ಇಲ್ಲ. ರಾಯಭಾರ ಕಚೇರಿಗಳಿಗೆ ಹೋಗುವ ಕೆಲವು ಅಧಿಕಾರಿಗಳ ಮಾತು ಬೇರೆ. ಮಡಿಕೇರಿಯ ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾಕ್ಕೆ ಹೋದದ್ದು ಯುದ್ಧಕೈದಿಗಳ ವಾಪಸಾತಿಯ ಆಯೋಗದ ಅಧ್ಯಕ್ಷರಾಗಿ. 1964ರಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ಹೋದರು, ಮರುವರ್ಷ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯ. ಕೊಡಗಿನ ಸಾಮಾನ್ಯ ಜವಾನನ ಹೆಂಡತಿಗೆ ಸಂಸಾರ ಎಂದರೆ ‘ಪೀಸ್ ಸ್ಟೇಷನ್’ನ ಕ್ವಾರ್ಟರ್ಸಿನಲ್ಲಿ ಎರಡು ವರ್ಷ, ಗಂಡ ‘ಫೀಲ್ಡ್’ಗೆ ಹೋದಾಗ ಮತ್ತೆ ಕಾಫಿ ತೋಟದ ಮನೆ. ಪಠಾಣ್‌ಕೋಟ್‌ನಲ್ಲಿ ಕಲಿತ ಹಿಂದಿ, ಅಲ್ಲಿಂದ ತಂದ ರಜಾಯಿ, ಸ್ವರ್ಣಮಂದಿರದ ಮುಂದೆ ನಿಂತು ತೆಗೆಸಿದ ಒಂದು ಫೋಟೊ. ಅವರ ಮಟ್ಟಿಗೆ ಹೊರದೇಶ ಅದೇ.

ಆದರೆ ದೂರದ ದೇಶದ ಸೈನ್ಯ ಸಂಸಾರ ಸಮೇತ ಬಂದು ಕೂತರೆ ಊರು ಏನಾಗುತ್ತದೆ ಎಂಬುದನ್ನು ಬೆಂಗಳೂರಿನಷ್ಟು ಚೆನ್ನಾಗಿ ಬಲ್ಲ ಊರು ಕಡಿಮೆ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷರು 1809ರಲ್ಲಿ ಹಲಸೂರಿನ ಬಳಿ ದಂಡು ಕಟ್ಟಿದರು. ಕೋಟೆ, ಪೇಟೆಗಳ ಬೆಂಗಳೂರು ಒಂದು ಕಡೆ, ದಂಡು ಇನ್ನೊಂದು ಕಡೆ. ನಡುವೆ ಬಯಲು. ಅಲ್ಲಿನ ಸಿಪಾಯಿಗಳಲ್ಲಿ ಎಲ್ಲರಿಗೂ ಹೆಂಡತಿಯನ್ನು ಕರೆತರುವ ಅನುಮತಿ ಇರಲಿಲ್ಲ, ಪಟಾಲಮ್ಮಿನಲ್ಲಿ ಕೆಲವರಿಗೆ ಮಾತ್ರ. ಬಂದವರ ದೊಡ್ಡ ಪ್ರಶ್ನೆ, ಇಂದು ಟಕೋಮಾದ ಸಾರ್ಜೆಂಟನ ಹೆಂಡತಿಯದೇ: ಸಂಜೆ ಎಲ್ಲಿಗೆ ಹೋಗುವುದು?

ಉತ್ತರವನ್ನು ಸೈನ್ಯದವರೇ ಕಟ್ಟಿಕೊಂಡರು. ಮದ್ರಾಸ್ ಎಂಜಿನಿಯರ್ಸ್‌ನ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ್ದು ಕಬ್ಬನ್ ಪಾರ್ಕು. ಅಲ್ಲಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಪಟಾಲಮ್ಮಿನ ಬ್ಯಾಂಡು, ಕವಾಯತು ಮೈದಾನದ ಪಕ್ಕ ‘ಸೌತ್ ಪೆರೇಡ್’ನಲ್ಲಿ ಸಂಜೆಯ ನಡಿಗೆ. ಅದೇ ಇಂದಿನ ಎಂ.ಜಿ. ರೋಡ್. ಬೇಸಿಗೆಗೆ ನಂದಿಬೆಟ್ಟ. ಅಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಬೇಸಿಗೆ ಮನೆ. ಹುರುಳಿಕಾಯಿ, ನವಿಲುಕೋಸು, ಕ್ಯಾರೆಟ್ಟು ದಂಡಿನ ಅಡುಗೆಮನೆಗಳಿಗೆಂದು ಸುತ್ತಲ ಹಳ್ಳಿಗಳ ತೋಟಗಳಲ್ಲಿ ಬೆಳೆದವು. ಈಗ ಅವಿಲ್ಲದೆ ನಮ್ಮ ಮದುವೆಮನೆ ಸಾಗುವುದಿಲ್ಲ.

1896ರಲ್ಲಿ ಇಲ್ಲಿಗೆ ಬಂದ ಒಬ್ಬ ತರುಣ ಅಧಿಕಾರಿಗೆ ಕೆಲಸ ಕಡಿಮೆ, ಬಿಡುವು ಹೆಚ್ಚು. ಬೆಳಿಗ್ಗೆ ಕವಾಯತು, ಸಂಜೆ ಪೋಲೊ, ನಡುವಿನ ಬಿಸಿಲಿನಲ್ಲಿ ಅಮ್ಮ ಕಳಿಸಿದ ಗಿಬ್ಬನ್, ಮೆಕಾಲೆಯರ ಸಂಪುಟಗಳು. ಬಂಗಲೆಯ ಸುತ್ತ ಗುಲಾಬಿ ಬೆಳೆಸಿದ. ಚಿಟ್ಟೆ ಹಿಡಿದು ಪೆಟ್ಟಿಗೆಯಲ್ಲಿಟ್ಟ, ಅವನ್ನು ಇಲಿ ತಿಂದು ಹಾಕಿತು. ನಾಲ್ಕನೇ ಹುಸಾರ್ಸ್ ಪಡೆಯ ಆ ತರುಣ ವಿನ್ಸ್‌ಟನ್ ಚರ್ಚಿಲ್. ಬೆಂಗಳೂರು ಕ್ಲಬ್ಬಿನ ಹಳೆ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ವಸೂಲಾಗದ 13 ರೂಪಾಯಿ ಬಾಕಿ ಇನ್ನೂ ಇದೆ, ಬಂದವರಿಗೆಲ್ಲ ತೋರಿಸುತ್ತಾರೆ. ಅವನದು ಒಂಟಿ ಅಧಿಕಾರಿಯ ಸುಖ. ಸಂಸಾರಸ್ಥ ಸಿಪಾಯಿಗಳ ಕಥೆ ಓದಬೇಕಾದರೆ ಹೊಸೂರು ರಸ್ತೆಯ ಹಳೆ ಸ್ಮಶಾನಕ್ಕೆ ಹೋಗಬೇಕು. ಅಲ್ಲಿ ಪುಟ್ಟ ಪುಟ್ಟ ಗೋರಿಗಳಿವೆ.

1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು, 1949ರಲ್ಲಿ ಪೇಟೆಯೊಂದಿಗೆ ಒಂದೇ ನಗರವಾಯಿತು. ಬ್ಯಾಂಡು ಹೋಯಿತು, ಬ್ಯಾಂಡ್‌ಸ್ಟ್ಯಾಂಡ್ ಉಳಿಯಿತು. ಇಂದು ಭಾನುವಾರ ಕಬ್ಬನ್ ಪಾರ್ಕಿನಲ್ಲಿ ನಾಯಿ ಆಡಿಸುವವರಿಗೆ, ಕಡಲೆಕಾಯಿ ತಿನ್ನುವವರಿಗೆ ಅದನ್ನು ಯಾರಿಗಾಗಿ ಮಾಡಿದ್ದೆಂಬ ಗೊಡವೆಯಿಲ್ಲ.

ಫ್ರೀಮಾಂಟ್ ಕೂಡ ಇಂಥದೇ ಊರು, ಆದರೆ ಗುಟ್ಟು ನೀರಿನಲ್ಲಿದೆ. ಸೇತುವೆಯ ಕೆಳಗಿನ ಕಾಲುವೆಯನ್ನು ಅಗೆಸಿದ್ದು ಅಮೆರಿಕ ಭೂಸೇನೆಯ ಎಂಜಿನಿಯರುಗಳ ದಳ. ಕೆಲಸ ಶುರುವಾದದ್ದು 1911ರಲ್ಲಿ. ಸಮುದ್ರ ಸೇರುವ ಬ್ಯಾಲರ್ಡ್ ಕಡೆಯ ತುದಿಯಲ್ಲಿ ಹಡಗುಗಳನ್ನು ಏರಿಸಿ ಇಳಿಸುವ ನೀರಿನ ಕಟ್ಟೆಗಳಿವೆ. ಹೈರಮ್ ಚಿಟೆಂಡನ್ ಎಂಬ ಸೇನಾ ಎಂಜಿನಿಯರನ ಹೆಸರು ಅವಕ್ಕೆ. 1917ರ ಜುಲೈ 4ರಂದು ಉದ್ಘಾಟನೆಯಾದ ಅವನ್ನು ಇಂದಿಗೂ ನಡೆಸುವುದು ಸೇನೆಯೇ. ಪ್ರವೇಶ ಉಚಿತ. ದೋಣಿ ಕಟ್ಟೆಯೊಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ನೀರು ತುಂಬುತ್ತದೆ, ದೋಣಿ ಮಕ್ಕಳ ಕಣ್ಣೆದುರೇ ಮೇಲೇರುತ್ತದೆ. ಒಂದು ಬದಿ ಉಪ್ಪುನೀರು, ಇನ್ನೊಂದು ಬದಿ ಸಿಹಿ. ಮೊಟ್ಟೆಯಿಡಲು ಸಮುದ್ರದಿಂದ ಹಿಂದಿರುಗುವ ಸಾಲ್ಮನ್ ಮೀನುಗಳಿಗಾಗಿ ಪಕ್ಕದಲ್ಲೇ ಮೆಟ್ಟಿಲು, ನೆಲಮಾಳಿಗೆಯಲ್ಲಿ ಗಾಜಿನ ಕಿಟಕಿ. ಮಳೆಗಾಲದ ಹೊಸ ನೀರಿಗೆ ಮೀನು ಹತ್ತುವುದನ್ನು ನೋಡಿ ಬೆಳೆದ ಮಲೆನಾಡಿನ ಅಜ್ಜಿಯರನ್ನು ಆ ಕಿಟಕಿಯ ಮುಂದಿನಿಂದ ಎಬ್ಬಿಸುವುದು ಕಷ್ಟ. 1980ರ ದಶಕದಲ್ಲಿ ಸಮುದ್ರಸಿಂಹಗಳು ಇಲ್ಲೇ ಬಾಯಿ ತೆರೆದು ಕಾದು ಸ್ಟೀಲ್‌ಹೆಡ್ ಮೀನಿನ ಸಂತಾನವನ್ನೇ ಮುಗಿಸುವಂತಾಗಿ, ಅವನ್ನು ಓಡಿಸಲು ಅಧಿಕಾರಿಗಳು ಪಟ್ಟ ಪಾಡು ಇಲ್ಲಿ ದೊಡ್ಡ ಜೋಕು.

ಜೋಕಲ್ಲದ ಭಾಗವೂ ಇದೆ. ಕಾಲುವೆ ತೆರೆದಾಗ, 1916ರಲ್ಲಿ, ಲೇಕ್ ವಾಷಿಂಗ್ಟನ್ ನೀರಿನ ಮಟ್ಟ ಒಂಬತ್ತು ಅಡಿಯಷ್ಟು ಇಳಿಯಿತು. ಸರೋವರದ ದಕ್ಷಿಣಕ್ಕೆ ಹರಿಯುತ್ತಿದ್ದ ಬ್ಲ್ಯಾಕ್ ರಿವರ್ ಬತ್ತಿಹೋಯಿತು. ಡುವಾಮಿಶ್ ಬುಡಕಟ್ಟಿನವರು ಮೀನು ಹಿಡಿಯುತ್ತಿದ್ದ ಹೊಳೆ ಅದು. ಕಟ್ಟೆಯ ಬಳಿ ಕಟ್ಟಿದ ಸುಂದರ ಕೈತೋಟದಲ್ಲಿ ಓಡಾಡುವಾಗ ಈ ಸಂಗತಿ ಹೇಳುವ ಅಪ್ಪ ಅಮ್ಮಂದಿರು ಕಡಿಮೆ, ಹೇಳಬೇಕು.

ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಡಿಸ್ಕವರಿ ಪಾರ್ಕ್. ಹಿಂದೆ ಅದು ಫೋರ್ಟ್ ಲಾಟನ್ ಎಂಬ ಸೇನಾನೆಲೆ. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಸೈನಿಕರು ಶಾಂತಸಾಗರದ ರಣರಂಗಕ್ಕೆ ಹಾಯ್ದುಹೋದದ್ದು ಇಲ್ಲಿಂದ. ಸೇನೆ ಬಿಡಲು ಹೊರಟಾಗ, 1970ರಲ್ಲಿ, ಬರ್ನಿ ವೈಟ್‌ಬೇರ್ ಮುಂದಾಳತ್ವದಲ್ಲಿ ಮೂಲನಿವಾಸಿಗಳು ಬೇಲಿ ಹಾರಿ ಒಳನುಗ್ಗಿ ನೆಲದ ಹಕ್ಕು ಕೇಳಿದರು. ಅವರ ಡೇಬ್ರೇಕ್ ಸ್ಟಾರ್ ಕೇಂದ್ರ 1977ರಲ್ಲಿ ಅಲ್ಲೇ ಎದ್ದಿತು. ಉಳಿದ 500ಕ್ಕೂ ಹೆಚ್ಚು ಎಕರೆ ಊರಿನವರ ಕಾಡು, ಕಡಲತೀರ.

ಫ್ರೀಮಾಂಟ್‌ನಿಂದ ಪೂರ್ವಕ್ಕೆ ಬರ್ಕ್-ಗಿಲ್ಮನ್ ಹಾದಿ. ಹಳೆ ರೈಲುದಾರಿ ಕಿತ್ತು ಮಾಡಿದ ಸೈಕಲ್ ರಸ್ತೆ. ಗ್ಯಾಸ್ ವರ್ಕ್ಸ್ ದಾಟಿ, ವಿಶ್ವವಿದ್ಯಾಲಯ ದಾಟಿ, ಹತ್ತು ಕಿಲೊಮೀಟರಿನ ಆಸುಪಾಸಿನಲ್ಲಿ ಸ್ಯಾಂಡ್ ಪಾಯಿಂಟ್ ಮುಟ್ಟುತ್ತದೆ. ಏರುತಗ್ಗು ಕಡಿಮೆ, ಮಕ್ಕಳ ಸೈಕಲ್ಲಿಗೂ ಸಾಗುತ್ತದೆ. 1924ರ ಏಪ್ರಿಲ್ 6ರಂದು ಇಲ್ಲಿಂದ ನಾಲ್ಕು ಸೇನಾ ವಿಮಾನಗಳು ಭೂಮಿಯನ್ನು ಸುತ್ತಲು ಹೊರಟವು. ಕಲ್ಕತ್ತಾ, ಕರಾಚಿಗಳ ಮೇಲೂ ಹಾದು ಸೆಪ್ಟೆಂಬರ್ 28ಕ್ಕೆ ಮರಳಿದಾಗ ಪೂರ್ತಿ ಸುತ್ತಿ ಬಂದವು ಎರಡೇ. ಆಮೇಲೆ ಇದು ನೌಕಾಪಡೆಯ ವಿಮಾನನೆಲೆಯಾಯಿತು. 1970ರಲ್ಲಿ ಹಾರಾಟ ನಿಂತಿತು, 1995ರಲ್ಲಿ ನೆಲೆಯೇ ಮುಚ್ಚಿತು. ಈಗ ಅದು ಮ್ಯಾಗ್ನಸನ್ ಪಾರ್ಕ್. ಹುಲ್ಲಿನೊಳಗಿಂದ ಕಪ್ಪು ರೆಕ್ಕೆಗಳು ಏಳುತ್ತವೆ. ದೂರದಿಂದ ಓರ್ಕಾ ತಿಮಿಂಗಿಲಗಳ ಹಿಂಡಿನಂತೆ ಕಾಣುವ ಅವು ಸೇವೆಯಿಂದ ತೆಗೆದ ಅಣುಶಕ್ತಿ ಜಲಾಂತರ್ಗಾಮಿಗಳ ನಿಜವಾದ ರೆಕ್ಕೆಗಳು, ಶಿಲ್ಪಿ ಜಾನ್ ಯಂಗ್ ನೆಲದಲ್ಲಿ ನೆಟ್ಟದ್ದು. ಹತ್ತಿರ ಹೋಗಿ ತಟ್ಟಿದರೆ ಉಕ್ಕು ಟಣ್ ಎನ್ನುತ್ತದೆ. ಬ್ಯಾಂಗರ್‌ನಿಂದ ಬಂದ ಮಕ್ಕಳು ಅಪ್ಪ ಕೆಲಸ ಮಾಡುವ ಹಡಗಿಗೂ ಇಂಥದ್ದಿದೆ ಎಂದು ಜಂಬ ಕೊಚ್ಚಿಕೊಳ್ಳುವುದಕ್ಕೆ ಇಲ್ಲಿ ಪೂರ್ತಿ ಅವಕಾಶ.

ನೆಲೆಯ ನಾವಿಕರು ಮಲಗುತ್ತಿದ್ದ ಕೆಂಪಿಟ್ಟಿಗೆಯ ಉದ್ದನೆಯ ಬ್ಯಾರಕ್, ‘ಬಿಲ್ಡಿಂಗ್ 9’, ದಶಕಗಳ ಕಾಲ ಖಾಲಿ ಬಿದ್ದಿತ್ತು. 2019ರಲ್ಲಿ ಅದನ್ನು ಕಡಿಮೆ ವರಮಾನದವರಿಗೆ ಬಾಡಿಗೆ ಮನೆಗಳಾಗಿ ತೆರೆದರು. 148 ಮನೆಗಳು, ಹೆಚ್ಚಿನವು ಮಕ್ಕಳೊಂದಿಗರ ಸಂಸಾರಗಳಿಗೆ. ಸಂಜೆ ಆ ಕಿಟಕಿಗಳಿಂದ ಅಡುಗೆಯ ವಾಸನೆ ಬರುತ್ತದೆ, ಅಂಗಳದಲ್ಲಿ ಹುಡುಗರು ಚೆಂಡು ಒದೆಯುತ್ತಾರೆ. ಮೂರು ವರ್ಷಕ್ಕೆ ಇವರಿಗೆ ವರ್ಗದ ಆದೇಶ ಬರುವುದಿಲ್ಲ, ಬಾಡಿಗೆ ಕಟ್ಟುತ್ತಿದ್ದರೆ ಆಯಿತು.